ಕಾಗುಣಿತವಿಲ್ಲದ ಅರಸ

ಅಕ್ಕನ ಚಿನ್ನವನ್ನೂ ಬಿಡದ ಕಸುಬು ನಮ್ಮದೆಂದು
ಆಡಿಕೊಳ್ಳುತ್ತಾರೆ ಅಕ್ಸುಮಿನಲ್ಲಿ.
ನಮ್ಮ ಕಣ್ಣು ತಾಗೀತೆಂದು
ಹಸುಗೂಸಿನ ಮುಖಕ್ಕೆ ಬಟ್ಟೆ ಎಳೆಯುತ್ತಾರೆ.
ಎಳೆಯಲಿ.
ನನ್ನಜ್ಜ ವೊಲ್ದು ಇದೇ ಮೂಸೆಯಲ್ಲಿ
ಮೂವತ್ತೊಂದು ರಾಜಮುಖ ಕರಗಿಸಿದ್ದ.
ಮೂಗು, ಕಿರೀಟ, ನೆತ್ತಿಯ ಮೇಲಿನ ಚಂದ್ರ
ಎಲ್ಲ ಸೇರಿ ಒಂದು ಜೊತೆ ಕಾಲ್ಗೆಜ್ಜೆ.
ಆ ಮದುಮಗಳು ನೀರಿಗೆ ಹೊರಟರೆ
ಇಡೀ ಒಂದು ವಂಶಾವಳಿ
ಕಲ್ಲಿಗೆ ತಾಗಿ ಘಲ್ಲೆನ್ನುತ್ತಿತ್ತು.

ಮಳೆ ಮುಗಿದ ವಾರ, ಹಳದಿ ಹೂ ಗುಡ್ಡ ಹತ್ತುವ ಹೊತ್ತು
ಲೆಟೆಬ್ರಹಾನ್ ಬಂದಳು, ಶಾಲಿನ ಗಂಟು ಬಿಚ್ಚುತ್ತ.
ಟೆಫ್ ಹೊಲದ ಬದುವನ್ನು ನೀರು ಕೊರೆದಲ್ಲಿ
ಹಾಲುಹಲ್ಲಿನಂತೆ ಇಣುಕುತ್ತಿತ್ತಂತೆ.
'ಮೊಮ್ಮಗನಿಗೆ ನಲವತ್ತು ತುಂಬುವುದು ಶುಕ್ರವಾರ.
ಶಿಲುಬೆ ಮಾಡಿಕೊಡು.'

ಹುಣಸೆಹುಳಿ ನಮ್ಮಲ್ಲಿಲ್ಲ, ನಿಂಬೆ ಹಿಂಡಿ ಉಜ್ಜಿದೆ.
ಮೊದಲು ಕಿವಿ ಬಂತು.
ಆಮೇಲೆ ಕೆನ್ನೆ, ಎರಡು ತೆನೆ,
ಆಮೇಲೆ, ದೇವರೇ,
ತಲೆಯ ಸುತ್ತ ಬಂಗಾರ!
ಉಗುರಿನಷ್ಟು ಬೆಳ್ಳಿಯಲ್ಲಿ ಕೂದಲೆಳೆಯಷ್ಟು ಕೆತ್ತಿ
ಒಳಗೆ ಹೊಂಬಣ್ಣ ಕೂರಿಸಿದ್ದಾರೆ,
ಭೂತಗನ್ನಡಿಯಿಲ್ಲದ ಕಾಲದಲ್ಲಿ.
ಅರಸನಿಗಲ್ಲ ನಾನು ತಲೆಬಾಗಿದ್ದು,
ಆ ಬೆರಳಿಗೆ.

'ಯಾರಿವನು?' ಎಂದಳು.
ಅಂಚಿನಲ್ಲಿ ಉಳಿದದ್ದು ಮೂರೇ ಅಕ್ಷರ.
ಗುಡಿಯ ಡೀಕನ್ ಯೆಮಾನೆ ಬಂದು ಓದಿದ: ನ, ಸ, ಲ.
ಆಗಿನವರು ಕಾಗುಣಿತ ಹಾಕುತ್ತಿರಲಿಲ್ಲವಂತೆ,
ಬರೀ ಎಲುಬು, ಮಾಂಸವಿಲ್ಲ.
ನಸಲನೋ, ನೆಸೀಲನೋ, ನೂಸಾಲೆಯೋ,
ತಾಯಿ ಊಟಕ್ಕೆ ಕೂಗಿದ ಬಗೆ
ನಾಣ್ಯಕ್ಕೆ ಗೊತ್ತಿಲ್ಲ.
ಕಂಬಗಳ ಮೇಲೆ ಅವನಿಲ್ಲ, ಸಂತರ ಕಥೆಯಲ್ಲಿಲ್ಲ,
ಸಮುದ್ರದಾಚೆ ಯಾರನ್ನೂ ಗೆದ್ದಂತಿಲ್ಲ,
ಯಾರಿಗೂ ಸೋತಂತೆಯೂ ಇಲ್ಲ.
'ಏನು ಮಾಡಿದ ಹಾಗಾದರೆ?'
ಡೀಕನ್ ಹಿಂದೆ ತಿರುಗಿಸಿ ಬೆರಳಿಟ್ಟ:
ಇದು ನಾಡಿಗೆ ಹಿತವಾಗಲಿ.

ಮೂರನೆಯ ಸುತ್ತಿನ ಕಾಫಿ ಬಗ್ಗಿಸುತ್ತಿದ್ದವಳು
ಅಲ್ಲೇ ಕೈ ತಡೆದಳು.
'ಅಷ್ಟೇನಾ? ತೆರಿಗೆ ಕೊಡಿ ಅಂತಿಲ್ಲವಾ?'
'ಅಷ್ಟೇ.'
'ಪಾಪ' ಎಂದಳು, ಯಾಕೋ.

ತಕ್ಕಡಿಗೆ ಹಾಕಿದೆ. ಒಂದು ಗ್ರಾಂ, ಮೇಲೆರಡು ಗೋಧಿಕಾಳು.
ಶಿಲುಬೆಗೆ ಸಾಲದು, ಅಮ್ಮಾ,
ಕರಗಿಸಿದರೆ ಕಾಲಂಶ ಹೊಗೆ, ತಾಮ್ರವೇ ಹೆಚ್ಚು.
ಅವಳಿಗೆ ನಗು ತಡೆಯಲಿಲ್ಲ:
ಇಷ್ಟು ದೊಡ್ಡ ಅರಸ,
ಒಂದು ಕೂಸಿನ ಶಿಲುಬೆಯಷ್ಟೂ ತೂಗಲಿಲ್ಲ!
'ಹಾಗಾದರೆ ಹೀಗೇ ಕಟ್ಟುತ್ತೇನೆ. ಒಂದು ತೂತು ಹಾಕು.'

ಮ್ಯೂಸಿಯಮ್ಮಿಗೆ ಕೊಡಬೇಕೆಂಬ ಬೋರ್ಡು
ನನ್ನಂಗಡಿಯ ಎದುರಿಗೇ ಇದೆ, ಓದಲು ಬರುತ್ತದೆ.
ಆದರೆ ಶುಕ್ರವಾರ ಹತ್ತಿರವಿತ್ತು.
ಅದಕ್ಕಿಂತ ನಿಜ ಹೇಳಬೇಕೆಂದರೆ
ಆ ಬಂಗಾರದ ಕೈಯ ಪಕ್ಕ
ನನ್ನ ಕೈಯೂ ಒಂದಿರಲೆಂಬ ಆಸೆ.

ಎಲ್ಲಿ ಕೊರೆಯಲಿ?
ಕೆಳಗೆ ಕತ್ತು. ಪಕ್ಕಕ್ಕೆ ತೆನೆ.
ಬಂಗಾರ ಮುಟ್ಟಲಾರೆ.
ಮೇಲೆ ಹೆಸರು.
ಉಸಿರು ಹಿಡಿದೆ.
ಬೈರಿಗೆ ಒಮ್ಮೆ ಕಿರ್ರೆಂದಿತು,
'ಲ' ಹೋಯಿತು.

ಶುಕ್ರವಾರ ತಣ್ಣೀರಿಗೆ ಚೀರಿದ ಅಬ್ರಹಲೇ
ಈಗ ಓಡುತ್ತಾನೆ, ಕಪ್ಪು ದಾರದ ತುದಿಯಲ್ಲಿ
ನ, ಸ ಎಂಬ ಅರಸ ಎದೆಗೆ ಬಡಿಯುತ್ತ.
ಮಣ್ಣಿನಲ್ಲಿ ಮಲಗಿದ್ದಾಗಿಗಿಂತ ಹೊಳಪು ಜಾಸ್ತಿ,
ಬೆವರಿಗೆ ಆ ಗುಣವಿದೆ.
ಹೋದ ವರ್ಷ ಕನ್ನಡಕದ ಹುಡುಗಿಯೊಬ್ಬಳು
ವಿಶ್ವವಿದ್ಯಾಲಯದಿಂದ ಬಂದು ಕೇಳಿದಳು:
ಹೆಸರಿರುವ ಬೆಳ್ಳಿ ಏನಾದರೂ ನೋಡಿದ್ದೀರಾ?
ಊದುಗೊಳವೆ ಬಾಯಲ್ಲಿತ್ತು. ತಲೆಯಾಡಿಸಿದೆ.
ಹೌದೆಂದೋ, ಇಲ್ಲವೆಂದೋ, ಅವಳೇ ತಿಳಿಯಲಿ.

ಕೊರೆದಾಗ ಉದುರಿದ್ದು ಸಾಸಿವೆಯಷ್ಟು ಪುಡಿ.
ತಟ್ಟೆಯ ಮೂಲೆಗೆ ಗುಡಿಸಿದ್ದೆ.
ಅಕ್ಕಸಾಲಿ ಏನನ್ನೂ ಎಸೆಯುವುದಿಲ್ಲ.
ಮುಂದಿನ ಸಂತೆಗೆ ಒಂದಷ್ಟು ಓಲೆ ಎರಕ ಹೊಯ್ದೆ,
ಮಾರಿಹೋದವು.
ಆ 'ಲ' ಈಗ
ಯಾರ ಕಿವಿಯಲ್ಲಿ ತೂಗುತ್ತಿದೆಯೋ.